ಓತಿಯ ಕಿರುಬೆರಳು

ಮೊಮ್ಮಗಳು ಸಾಕಿದ್ದು ನಾಯಿಯಲ್ಲ, ಬೆಕ್ಕಲ್ಲ, ಓತಿ. ನಮ್ಮ ಊರ ಬೇಲಿಯ ಓತಿಯಂತಹುದೇ, ಆದರೆ ಮೊಳದುದ್ದ, ಗಂಟಲ ಕೆಳಗೆ ಮುಳ್ಳುಮುಳ್ಳು ಗಡ್ಡ. ಜರ್ಮನಿಯ ಹ್ಯಾನೋವರಿನ ಮಗಳ ಮನೆಯಲ್ಲಿ ಅದಕ್ಕೊಂದು ಗಾಜಿನ ಪೆಟ್ಟಿಗೆ, ಒಳಗೆ ಬಿಸಿಲಿನ ಬದಲಿಗೆ ಒಂದು ದೀಪ. ನನ್ನ ಕೋಣೆಗಿಂತ ಅದರ ಪೆಟ್ಟಿಗೆ ಬೆಚ್ಚಗೆ. ಮೊದಮೊದಲು ಅದನ್ನು ಕಂಡರೆ ನನಗಾಗುತ್ತಿರಲಿಲ್ಲ. ಮಗಳು ಆಫೀಸಿಗೆ, ಮೊಮ್ಮಗಳು ಶಾಲೆಗೆ ಹೋದ ಮೇಲೆ ಮನೆಯಲ್ಲಿ ನಾನು ಮತ್ತು ಅದು. ಅದು ನನ್ನನ್ನು ನೋಡುವುದು, ನಾನು ಅದನ್ನು ನೋಡುವುದು. ಹಾಗೆ ಅಭ್ಯಾಸವಾಯಿತು.

ಈ ಚಳಿಗಾಲದಲ್ಲಿ ಅದು ಪೊರೆ ಬಿಟ್ಟಿತು. ಬೆನ್ನಿನದು, ತಲೆಯದು ತಾನಾಗಿ ಉದುರಿತು. ಹಿಂದಿನ ಎಡಗಾಲಿನ ಕಿರುಬೆರಳಿನದು ಮಾತ್ರ ಹೋಗಲಿಲ್ಲ. ಹಳೆಯ ಚರ್ಮ ಒಣಗಿ ಬೆರಳಿನ ಬುಡಕ್ಕೆ ಬಳೆಯ ಹಾಗೆ ಬಿಗಿದುಕೊಂಡಿತ್ತು. ತಲೆಗೆ, ಮಂಡಿಗೆ, ಬಾಗಿಲ ಚಿಲಕಕ್ಕೆ ಯಾವುದನ್ನು ಹಚ್ಚುತ್ತೇನೋ ಆ ತೆಂಗಿನೆಣ್ಣೆಯನ್ನೇ ಅದಕ್ಕೂ ಹಚ್ಚಿದೆ. ಪೆಟ್ಟಿಗೆಯ ಮರಳೆಲ್ಲ ಕಾಲಿಗೆ ಅಂಟಿತು.

ಶಾಲೆಯಿಂದ ಬಂದ ಮೊಮ್ಮಗಳು ನೋಡಿ ಕೂಗಿದಳು.

"ನೈನ್, ಬೇಡ ಅಜ್ಜಿ! ಇವನನ್ನೂ ಬಂಗುಡೆ ಮಾಡಿದ್ದಾ? ರವೆ ಹಾಕಿ ಫ್ರೈ ಮಾಡ್ಲಿಕ್ಕಾ?"

"ಮಾಡಿದ್ರೆ ಬಾಲ ನಿನಗೇ ಕೊಡ್ತೇನೆ, ಬೊಬ್ಬೆ ಹಾಕ್ಬೇಡ."

ಹನ್ನೆರಡು ವರ್ಷದ ಹುಡುಗಿ. ತಾನೇ ಪ್ರಾಣಿ ಡಾಕ್ಟರಿಗೆ ಜರ್ಮನ್‌ನಲ್ಲಿ ಫೋನ್ ಮಾಡಿದಳು. ಟೆರ್ಮಿನ್, ಅಂದರೆ ಡಾಕ್ಟರು ನೋಡುವ ದಿನ, ಸಿಕ್ಕಿದ್ದು ನಾಲ್ಕು ದಿನ ಬಿಟ್ಟು. ಅಲ್ಲಿಯವರೆಗೆ ದಿನಾ ಉಗುರುಬೆಚ್ಚಗಿನ ನೀರಿನಲ್ಲಿ ಕಾಲು ನೆನೆಸಬೇಕು, ಎಣ್ಣೆ ಬೇಡ, ಎಳೆಯಲೇಬಾರದು, ಬಣ್ಣ ಕಪ್ಪಾದರೆ ಕೂಡಲೇ ತರಬೇಕು ಎಂದರಂತೆ. "ಆ ಬಳೆ ಬಿಡದಿದ್ರೆ ರಕ್ತ ಹೋಗುದಿಲ್ಲ ಅಜ್ಜಿ. ಬೆರಳು ಸಾಯ್ತದೆ," ಎಂದು ನನಗೆ ಬಿಡಿಸಿ ಹೇಳಿದಳು.

ಅದನ್ನು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ನಾನು ಎರಡನೇ ಕ್ಲಾಸಿಗೆ ಶಾಲೆ ಬಿಟ್ಟು ಬೀಡಿ ಕಟ್ಟಲು ಕೂತವಳು. ಮಂಗಳೂರಿನ ಕಡೆ ಆಗ ಮನೆಮನೆಯಲ್ಲೂ ಅದೇ ಕೆಲಸ. ಮಗಳು ಹುಟ್ಟಿ ಒಂಬತ್ತು ತಿಂಗಳಾದಾಗಲೂ ಮಡಿಲಲ್ಲಿ ಎಲೆ, ನೂಲು ತುಂಬಿದ ಗೆರಸೆ, ಪಕ್ಕದಲ್ಲಿ ತೊಟ್ಟಿಲು. ಆ ವಾರ ಮಗುವಿಗೆ ಶೀತ. ಮೀಯಿಸಲಿಲ್ಲ. ಸೊಳ್ಳೆ ಕಚ್ಚುತ್ತದೆಂದು ಕಾಲಿಗೆ ಬಟ್ಟೆ ಸುತ್ತಿಟ್ಟಿದ್ದೆ. ನನ್ನ ಗೆರಸೆಯಿಂದ ಬೀಡಿಯ ನೂಲಿನ ತುಂಡೊಂದು ಬಟ್ಟೆಯ ಒಳಗೆ ಸೇರಿ ಎಡಗಾಲಿನ ಕಿರುಬೆರಳಿಗೆ ಸುತ್ತಿಕೊಂಡಿತ್ತು. ಮಗು ಅತ್ತಿತು. ಹೊಟ್ಟೆನೋವೆಂದು ಓಮದ ನೀರು ಕುಡಿಸಿದೆ. ಮತ್ತೆ ಅತ್ತಿತು, ಕಾಲಿನಿಂದ ತೊಟ್ಟಿಲು ತೂಗುತ್ತಾ ಬೀಡಿ ಕಟ್ಟಿದೆ. ಶನಿವಾರ ಕಂಪನಿಯ ಬ್ರಾಂಚಿಗೆ ಬೀಡಿ ಮುಟ್ಟಿಸಬೇಕಿತ್ತು. ಮೂರನೆಯ ದಿನ ಬಟ್ಟೆ ಬಿಚ್ಚಿದರೆ ಬೆರಳು ನೇರಳೆ ಹಣ್ಣಿನ ಬಣ್ಣ. ನೂಲು ಮಾಂಸದೊಳಗೆ ಹೂತು ಕಾಣುತ್ತಲೇ ಇರಲಿಲ್ಲ. ಆಸ್ಪತ್ರೆಯಲ್ಲಿ ಬೆರಳು ತೆಗೆದರು.

ಮಗಳಿಗೆ ಬುದ್ಧಿ ಬಂದು ಕೇಳಿದಾಗ, ಹುಟ್ಟುವಾಗಲೇ ಇರಲಿಲ್ಲ ಎಂದೆ. ಅವಳ ಅಪ್ಪನಿಂದಲೂ ಹಾಗೇ ಹೇಳಿಸಿದೆ. ಅವರು ಸತ್ತ ಮೇಲೆ ಸುಳ್ಳು ನನ್ನೊಬ್ಬಳದೇ ಆಯಿತು. ಮಗಳು ಇಂಜಿನಿಯರ್ ಆದಳು, ಇಲ್ಲಿಗೆ ಬಂದಳು, ಬೇಸಗೆಯಲ್ಲೂ ಸಾಕ್ಸ್ ಬಿಚ್ಚಿದವಳಲ್ಲ.

ಓತಿಯನ್ನು ತಟ್ಟೆಯಷ್ಟು ನೀರಿನಲ್ಲಿ ಕೂರಿಸಿ, ಹೊಟ್ಟೆಯ ಕೆಳಗೆ ಕೈ ಕೊಟ್ಟು ಹಿಡಿದುಕೊಂಡೆ. ಮೊದಲ ದಿನ ಅದರ ಗಡ್ಡ ಸಿಟ್ಟಿಗೆ ಕಪ್ಪಾಯಿತು. ಎರಡನೆಯ ದಿನ ಬಳೆ ಸ್ವಲ್ಪ ಬೆಳ್ಳಗಾಯಿತು, ಬಿಡಲಿಲ್ಲ. ಬೀಡಿಯ ಎಲೆಯೂ ಹಾಗೇ. ಒಣಗಿದ್ದಾಗ ಮುಟ್ಟಿದರೆ ಪುಡಿ, ಸರಿಯಾಗಿ ನೆನೆದರೆ ಕೈಗೆ ಬರುತ್ತದೆ. ನನ್ನ ಬೆರಳು ಆ ಹದವನ್ನು ಇನ್ನೂ ಮರೆತಿಲ್ಲ.

ಓತಿ ಅಳುವುದಿಲ್ಲ. ಅಷ್ಟು ಬಿಗಿದಿದ್ದರೂ ಒಂದು ಸ್ವರ ಇಲ್ಲ. ಆದರೂ ಆ ನೀರಿನ ಮುಂದೆ ಕೂತಾಗೆಲ್ಲ ನನಗೆ ಅಳು ಕೇಳುತ್ತಿತ್ತು. ಎದ್ದು ಹೋಗಿ ಕಿಟಕಿಯಿಂದ ನೋಡಿದೆ, ಕೆಳಗೆ ಯಾವ ಮಗುವೂ ಇರಲಿಲ್ಲ. ಬಂದು ಕೂತರೆ ಮತ್ತೆ ಅದೇ. ನನ್ನ ಕಾಲು ತಾನಾಗಿ ಮೇಜಿನ ಕೆಳಗೆ ತೂಗುತ್ತಿತ್ತು.

ಮೂರನೆಯ ದಿನ ಭಾನುವಾರ. ಮೊಮ್ಮಗಳು ದೀಪ ಹಿಡಿದಿದ್ದಳು.

"ಕಪ್ಪಾಯ್ತಾ ಅಜ್ಜಿ?"

"ಇಲ್ಲ. ಕಪ್ಪಿಗೆ ಮೊದಲು ನೇರಳೆ ಆಗ್ತದೆ. ಇದು ಇನ್ನೂ ಕೆಂಪು ಉಂಟು."

"ನಿನಗೆ ಹೇಗೆ ಗೊತ್ತು? ಮೊಬೈಲಲ್ಲಿ ನೋಡಿದ್ದಾ?"

"ಕಣ್ಣಲ್ಲಿ ನೋಡಿದ್ದು."

ಮಗಳು ಕಾಫಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. "ಯಾರದ್ದು ಅಮ್ಮ?" ಎಂದಳು.

ಕೋಳಿಯದ್ದು ಎನ್ನಬಹುದಿತ್ತು. ಅಷ್ಟು ಸಣ್ಣ ಬೆರಳನ್ನು ಕೈಯಲ್ಲಿ ಹಿಡಿದುಕೊಂಡು ಸುಳ್ಳು ಬರಲಿಲ್ಲ.

"ನಿನ್ನದ್ದು."

"ಹುಟ್ಟುವಾಗಲೇ ಇರ್ಲಿಲ್ಲ ಅಂತ ಹೇಳಿದ್ದಲ್ವಾ ನೀನು?"

"ಸುಳ್ಳು ಹೇಳಿದ್ದು. ಬೀಡಿಯ ನೂಲು ಸುತ್ತಿಕೊಂಡಿತ್ತು. ನಾನು ಬಿಚ್ಚಿ ನೋಡ್ಲಿಲ್ಲ."

ಅವಳು ಕಾಫಿಯನ್ನು ಮೇಜಿನ ಮೇಲಿಟ್ಟಳು. "ನಾನು ಅಳ್ಲಿಲ್ವಾ?"

"ಅತ್ತಿದ್ದಿ. ಮೂರು ದಿನ."

ಮೊಮ್ಮಗಳು ಒಮ್ಮೆ ನನ್ನ ಮುಖ, ಒಮ್ಮೆ ಅವಳಮ್ಮನ ಮುಖ ನೋಡಿದಳು. ಅಷ್ಟರಲ್ಲಿ ನನ್ನ ಉಗುರಿನಡಿ ಬಳೆ ಸಡಿಲವಾಗಿ ಜಾರಿತು. ನೀರಿನ ಮೇಲೆ ತೇಲಿತು, ಈರುಳ್ಳಿ ಸಿಪ್ಪೆಯಷ್ಟು ತೆಳುವಾದದ್ದು. ಬೆರಳಿನ ಸುತ್ತ ಒಂದು ಗೆರೆ ಉಳಿದಿತ್ತು. ಓತಿ ಬೆರಳನ್ನು ಮಡಚಿ ಬಿಚ್ಚಿತು. ಮೊಮ್ಮಗಳು "ಬದುಕಿತು!" ಎಂದು ಕುಣಿದಳು. ಮಗಳು ಅಡುಗೆಮನೆಗೆ ಹೋದಳು. ಅಲ್ಲಿ ನಲ್ಲಿಯ ನೀರು ಬಹಳ ಹೊತ್ತು ಹರಿಯಿತು.

ಅವಳು ನನಗೆ ಬೈಯಲಿಲ್ಲ. ಬೈದಿದ್ದರೆ ಮುಗಿಯುತ್ತಿತ್ತು. ಮಾರನೆಯ ದಿನ ಬೆಳಿಗ್ಗೆ ಎಂದಿನಂತೆ ಚಾ ಕೊಟ್ಟಳು, ಮಾತ್ರೆ ತಗೊಂಡಿಯಾ ಎಂದು ಕೇಳಿದಳು. ಆದರೆ ಆವತ್ತಿನಿಂದ ಅವಳು ಮನೆಯೊಳಗೆ ಸಾಕ್ಸ್ ಹಾಕುವುದಿಲ್ಲ. ಇನ್ನು ಮುಚ್ಚುವುದು ಬೇಡ ಎಂದೋ, ನಾನು ನೋಡಲಿ ಎಂದೋ, ಗೊತ್ತಿಲ್ಲ. ಕೇಳಲಿಲ್ಲ. ಮರದ ನೆಲದ ಮೇಲೆ ಆ ಬರಿಗಾಲು ನನ್ನ ಕೋಣೆಯ ಮುಂದಿನಿಂದ ಹೋಗುವಾಗ ನಾನು ಕಣ್ಣು ಬೇರೆ ಕಡೆ ಮಾಡುವುದಿಲ್ಲ. ಆಗ ನೋಡಲಿಲ್ಲ. ಈಗ ನೋಡುತ್ತೇನೆ.