ಮಾರಿತಳ ಎರಡನೇ ಸಾಕ್ಷಿ

ಮಾರಿತ್ ಕೈಕಟ್ಟಿ ಕೂರುವ ಹೆಂಗಸಲ್ಲ. ಗಂಡ ಓಸ್ಮುಂಡನನ್ನು ಮಣ್ಣು ಮಾಡಿದ ಮರುದಿನ ಬೆಳಿಗ್ಗೆಯೇ ಹಾಲು ಕರೆಯಲು ಕೂತಳು. ಯಾರು ಸತ್ತರೂ ಹಸುವಿಗೆ ಕೆಚ್ಚಲು ಬಿಗಿಯುತ್ತದೆ.

ಗಂಡಹೆಂಡಿರು ನಾರ್ವೆಯಿಂದ ಡಕೋಟಾದ ಬಯಲಿಗೆ ಬಂದಿದ್ದರು. ಇಲ್ಲಿ ಮರವಿಲ್ಲ. ಹುಲ್ಲು ಸಮೇತ ನೆಲವನ್ನು ಹೆಂಟೆ ಹೆಂಟೆಯಾಗಿ ಕೊಯ್ದು ಗೋಡೆ ಎಬ್ಬಿಸಿದರು. ಸರ್ಕಾರ ಭೂಮಿ ಕೊಡುತ್ತಿತ್ತು. ಆದರೆ ಐದು ವರ್ಷ ಅಲ್ಲೇ ಬಾಳಬೇಕು, ಬಾಳಿದ್ದು ನಿಜವೆಂದು ಇಬ್ಬರು ನೆರೆಯವರು ಆಣೆ ಮಾಡಿ ಹೇಳಬೇಕು.

ಪಕ್ಕದ ಹೊಲ ಹಲ್ವೋರನದು. ಅವನೂ ಅವರ ಊರಿನವನೇ, ಒಂದು ವರ್ಷ ತಡವಾಗಿ ಬಂದವನು. ಒಂದು ಸಲ ಬಯಲಿನ ಹುಲ್ಲಿಗೆ ಬೆಂಕಿ ಬಿದ್ದು ನಡುವಿನ ಗಡಿಗೂಟ ಸುಟ್ಟುಹೋಯಿತು. ಆಚೆ ಮೂಲೆಯಲ್ಲಿ ಉಳಿದಿದ್ದ ಗೂಟದಿಂದ ಇಬ್ಬರೂ ಹೊಸದಾಗಿ ಅಳೆದರು. ಗಾಡಿಯ ಚಕ್ರಕ್ಕೆ ಬಟ್ಟೆಚೂರು ಕಟ್ಟಿ, ಅದು ಎಷ್ಟು ಸಲ ಮೇಲೆ ಬಂತೆಂದು ಎಣಿಸುವುದು. ಎಲ್ಲರೂ ಹಾಗೇ ಅಳೆಯುವುದು. ಓಸ್ಮುಂಡನ ಎಣಿಕೆಗೆ ನಡುವಿನ ಜೌಗುನೆಲ ಓಸ್ಮುಂಡನ ಕಡೆ ಬಂತು, ಹಲ್ವೋರನ ಎಣಿಕೆಗೆ ಹಲ್ವೋರನ ಕಡೆ. ಒಬ್ಬನ ಚಕ್ರ ದೊಡ್ಡದು, ಇನ್ನೊಬ್ಬನದು ಚಿಕ್ಕದು. ಅದು ಯಾರ ತಲೆಗೂ ಹೊಳೆಯಲಿಲ್ಲ. ಹೊಳೆಯುವ ಹೊತ್ತಿಗೆ ತಡವಾಗಿತ್ತು.

ಜೌಗಿನಲ್ಲಿ ಒಳ್ಳೆಯ ಹುಲ್ಲಿತ್ತು. ಓಸ್ಮುಂಡ ಕೊಯ್ಯುತ್ತಿದ್ದ.

"ನನ್ನ ಹುಲ್ಲಿಗೆ ಯಾಕೋ ಕೈ ಹಾಕಿದೆ?" ಅಂದ ಹಲ್ವೋರ.

"ನಿನಗೆ ಎಣಿಸೋಕೆ ಬರಲ್ಲ ಮಾರಾಯ. ಹೆಂಡ್ತೀನ ಕಳಿಸು, ಅವಳಾದ್ರೂ ಎಣಿಸ್ತಾಳೆ." ಓಸ್ಮುಂಡ ನಕ್ಕ.

ಹಲ್ವೋರ ಕೈಯಲ್ಲಿದ್ದ, ಹುಲ್ಲು ಎತ್ತುವ ಕವೆಗೋಲಿನಿಂದ ತಿವಿದ. ಓಸ್ಮುಂಡ ಹೊಟ್ಟೆ ಹಿಡಿದುಕೊಂಡು ಮನೆವರೆಗೂ ನಡೆದು ಬಂದ. ಸಂಜೆಗೆ ಹೋದ. ಹಲ್ವೋರ ಜೈಲಿಗೆ ಹೋದ.

ಮಾರಿತ್ ಉತ್ತಳು, ಬಿತ್ತಿದಳು, ಕೊಯ್ದಳು. ಮಿಡತೆ ಬಂದು ಬೆಳೆ ತಿಂದಾಗ ನೆರೆಯವರಲ್ಲಿ ಹೆಚ್ಚಿನವರು ಗಂಟು ಕಟ್ಟಿ ಹೋದರು. ಅವಳು ಹೋಗಲಿಲ್ಲ. ಐದು ವರ್ಷ ತುಂಬಿತು. ಸಾಕ್ಷಿಗೆ ಜನ ಇರಲಿಲ್ಲ.

"ಒಬ್ಬ ನಾನಿದೀನಿ," ಅಂದ ಬಿಟ್ಟುಹೋಗದೆ ಉಳಿದಿದ್ದ ನೆರೆಯ ಮುದುಕ ಟೊಸ್ತೆನ್. "ಇನ್ನೊಬ್ಬರು ಅಂದ್ರೆ ಹಲ್ವೋರನ ಹೆಂಡ್ತಿ ಇಂಗ್ರಿ. ಅವಳನ್ನ ಬಿಟ್ಟು ಯಾರಿದಾರೆ ಮಗಳೇ? ನನ್ನ ಎತ್ತು ಆಣೆ ಮಾಡಲ್ಲ."

ಮಾರಿತ್ ಹೋದಳು. ಇಂಗ್ರಿ ಬಾಗಿಲಲ್ಲಿ ಉಣ್ಣೆ ಹಿಂಜುತ್ತಿದ್ದಳು.

"ಒಳಗೆ ಬಾ. ಕಾಫಿ ಇದೆ."

"ಬೇಡ. ಒಂದು ಮಾತು ಕೇಳೋಕೆ ಬಂದೆ."

"ಗೊತ್ತು. ನನ್ನ ಬಾಯಿಂದ ಭೂಮಿ ಬೇಕಾ ನಿನಗೆ?"

"ಭೂಮಿ ನಾನು ದುಡಿದಾಗಿದೆ. ನಿನ್ನ ಬಾಯಿಂದ ನಿಜ ಬೇಕು, ಅಷ್ಟೇ."

ಇಂಗ್ರಿ ಉಣ್ಣೆ ಕೆಳಗಿಟ್ಟಳು. "ಮುಂದಿನ ವರ್ಷ ನಮ್ಮದೂ ತುಂಬುತ್ತೆ. ಆಗ ನನಗೆ ಯಾರು ಹೇಳ್ತಾರೆ? ನೀನು ಬರ್ತೀಯಾ?"

ಇದನ್ನು ಮಾರಿತ್ ಯೋಚಿಸಿರಲಿಲ್ಲ. ಇಲ್ಲ ಅಂದರೆ ತನ್ನ ಭೂಮಿ ಹೋಗುತ್ತದೆ. ಹ್ಞೂಂ ಅಂದರೆ ಹಲ್ವೋರನ ಮನೆ ನಿಲ್ಲುತ್ತದೆ.

"ಜೈಲಿಂದ ಬಿಟ್ಟಮೇಲೆ ಅವನು ಇಲ್ಲಿಗೇ ಬರ್ತಾನಲ್ಲ?"

"ಬರ್ತಾನೆ. ಸುಳ್ಳು ಯಾಕೆ ಹೇಳಲಿ?"

ಮಾರಿತ್ ಜೌಗಿನ ಕಡೆ ನೋಡಿದಳು. ಹುಲ್ಲು ಎದೆಮಟ್ಟ ಬೆಳೆದಿತ್ತು. ಅವತ್ತಿನಿಂದ ಯಾರೂ ಕೊಯ್ದಿರಲಿಲ್ಲ.

"ನೀನು ಇಲ್ಲಿ ಬಾಳಿದ್ದು ನಿಜ. ಅದನ್ನ ಹೇಳ್ತೀನಿ. ಅವನು ಮಾಡಿದ್ದೇನು ಅಂತ ಕೇಳಿದ್ರೆ ಅದನ್ನೂ ಹೇಳ್ತೀನಿ."

"ಹೇಳು," ಅಂದಳು ಇಂಗ್ರಿ.

ಕಚೇರಿಯಲ್ಲಿ ಅಧಿಕಾರಿ ಇಂಗ್ರಿಯನ್ನು ಕೇಳಿದ, "ಇವಳು ದಿನವೂ ಅಲ್ಲೇ ಇದ್ದಳು ಅಂತ ನಿನಗೆ ಹೇಗೆ ಗೊತ್ತಮ್ಮ?"

"ಎದ್ದ ಕೂಡಲೇ ಅವಳ ಮನೆ ಹೊಗೆ ನೋಡ್ತೀನಿ ಸ್ವಾಮಿ. ಒಂದು ದಿನವೂ ತಪ್ಪಿಲ್ಲ."

"ಯಾಕೆ ನೋಡ್ತೀಯ?"

"ಹೊಗೆ ಬರದಿದ್ರೆ ಹೋಗಿ ನೋಡಬೇಕಲ್ಲ. ಇನ್ಯಾರು ಹೋಗ್ತಾರೆ?"

ಭೂಮಿ ಮಾರಿತಳದಾಯಿತು. ಹೊರಗೆ ಇಂಗ್ರಿ ಕೈ ಚಾಚಿದಳು. ಮಾರಿತ್ ಹಿಡಿಯಲಿಲ್ಲ.

ಮರುವರ್ಷ ಸಾಕ್ಷಿ ಹೇಳುವ ದಿನ ಬಂದಾಗ ಮಾರಿತ್ ತಾನೇ ಗಾಡಿ ಕಟ್ಟಿದಳು. ಇಂಗ್ರಿಯ ಬಾಗಿಲ ಮುಂದೆ ನಿಲ್ಲಿಸಿ, "ಹತ್ತು, ಹೊತ್ತಾಯ್ತು," ಅಂದಳು.