ಸಂಪಿನ ಗೆರೆ

ನಿಜವನ್ನೇ ಹೇಳಿ ಸುಳ್ಳು ಹೇಳುವುದು ಹೇಗೆಂದು ನಾನು ಕಲಿತದ್ದು ಅರವತ್ತು ದಾಟಿದ ಮೇಲೆ. ಕಲಿಸಿದ್ದು ಒಂದು ಮೀನಿನ ತೊಟ್ಟಿ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ನಿಮ್ಮ ಮುಂದಲ್ಲದೆ ಇನ್ನಾರ ಮುಂದೆ ಹೇಳಲಿ?

ನೌಕರಿಯುದ್ದಕ್ಕೂ ನಾನು ನವಿಲುತೀರ್ಥದ ಡ್ಯಾಮಿನಿಂದ ಕಾಲುವೆಗೆ ನೀರು ಬಿಡಿಸುವ ಕೆಲಸದಲ್ಲಿದ್ದವನು. ಸಿಹಿನೀರಿನ ಸಹವಾಸ ಸಾಕಾಯಿತೋ ಏನೋ, ನಿವೃತ್ತನಾಗಿ ಸವದತ್ತಿಯಲ್ಲಿ ಜೋಶಿ ಮಾಸ್ತರರ ಮನೆಯ ಮಹಡಿಗೆ ಬಾಡಿಗೆಗೆ ಬಂದ ಮೇಲೆ ಸಮುದ್ರದ ಮೀನು ಸಾಕುವ ಹುಚ್ಚು ಹಿಡಿಯಿತು. ಸವದತ್ತಿಗೂ ಸಮುದ್ರಕ್ಕೂ ಏನು ಸಂಬಂಧ ಎಂದು ಕೇಳಬೇಡಿ. ನನ್ನ ಹೆಂಡತಿ ಕೇಳಿ ಕೇಳಿ ಸೋತಿದ್ದಾಳೆ. ಉಪ್ಪು ಪಾರ್ಸೆಲ್ಲಿನಲ್ಲಿ ಬರುತ್ತದೆ. ಡ್ರಮ್ಮಿನಲ್ಲಿ ಕಲಸಿದರೆ ಸಮುದ್ರ ತಯಾರು. ಅದರಲ್ಲಿ ಕಿತ್ತಳೆ ಬಣ್ಣದ ಎರಡು ಪಟ್ಟೆಮೀನು ಓಡಾಡಿಕೊಂಡಿದ್ದವು.

ಇಂಥ ತೊಟ್ಟಿಯ ಕೆಳಗೆ ಇನ್ನೊಂದು ಗಾಜಿನ ತೊಟ್ಟಿ ಇರುತ್ತದೆ, ಅದಕ್ಕೆ ಸಂಪು ಎನ್ನುತ್ತಾರೆ. ನಮ್ಮಲ್ಲಿ ಸಂಪು ಎಂದರೆ ಅಂಗಳದಲ್ಲಿ ನೆಲದೊಳಗೆ ಕಟ್ಟಿಸಿ ನಳದ ನೀರು ತುಂಬಿಸಿಡುವ ಹೊಂಡ. ಅದು ತುಂಬಿದಷ್ಟೂ ಮನೆಯವರ ಮುಖದಲ್ಲಿ ಕಳೆ. ಮೀನಿನ ಸಂಪಿನ ಸ್ವಭಾವವೇ ಬೇರೆ. ಮೇಲಿನ ತೊಟ್ಟಿಯ ಅಂಚು ಮೀರಿದ ನೀರು ಪೈಪಿನಲ್ಲಿ ತಾನಾಗಿ ಸಂಪಿಗೆ ಇಳಿಯುತ್ತದೆ, ಅಲ್ಲಿ ಸೋಸಿಕೊಂಡು ಪಂಪಿನಿಂದ ಮತ್ತೆ ಮೇಲೇರುತ್ತದೆ. ಏರಿದಷ್ಟು ಇಳಿಯಬೇಕು, ಇಳಿದಷ್ಟು ಏರಬೇಕು. ತಮಾಷೆಯೆಂದರೆ ಇಳಿಯುವ ನೀರನ್ನು ನೀವು ಹಿಡಿಯುವಂತಿಲ್ಲ. ಏರಿಸುವುದನ್ನಷ್ಟೇ ಹೆಚ್ಚುಕಡಿಮೆ ಮಾಡಬೇಕು. ಗೇಟು ಇಳಿಸಿ ಎತ್ತಿಯೇ ಸಂಬಳ ಉಂಡವನಿಗೆ ಇದನ್ನು ಒಪ್ಪಿಕೊಳ್ಳುವುದು ಕಷ್ಟವಾಯಿತು.

ಒಪ್ಪಿಸಿದವನು ಪ್ಲಂಬರ್ ಖಾಜಾಸಾಬ್. ಮಾತು ಕಡಿಮೆ, ಕೈ ಚೊಕ್ಕ. ಜೋಡಣೆಯೆಲ್ಲ ಮುಗಿಸಿ ಸಂಪಿನ ಗಾಜಿನ ಮೇಲೆ ಕೆಂಪು ಪೆನ್ನಿನಿಂದ ಒಂದು ಅಡ್ಡಗೆರೆ ಎಳೆದ.

"ಸಾಹೇಬ್ರ, ಕರೆಂಟ್ ಹೋದ್ರ ಪಂಪ್ ನಿಂದರತೈತಿ. ಮ್ಯಾಲಿನ ನೀರು ಒಂದಿಷ್ಟು ಕೆಳಗ ಇಳಿತೈತಿ. ಅದಕ್ಕ ಜಾಗಾ ಬೇಕ್ರಿ. ಈ ಗೆರಿ ದಾಟಿ ನೀರು ಹಾಕಬ್ಯಾಡ್ರಿ."

"ಏ ಖಾಜಾ, ಡ್ಯಾಮಿನ ಗೆರಿ ನೋಡ್ಕೋತನ ಮುದುಕ ಆಗೇನಪಾ. ನನಗ ಹೇಳಿಕೊಡತಿ?" ಎಂದು ನಾನು ನಕ್ಕೆ. ಅವನು ನಗಲಿಲ್ಲ.

ಈಗ ನನ್ನ ದೌರ್ಬಲ್ಯದ ವಿಷಯ. ಮಲಪ್ರಭೆಯ ನೀರು ಕುಡಿದವರಿಗೆ ತುಂಬಿದ್ದನ್ನು ಕಂಡರೆ ಒಂದು ಸುಖವಿದೆ. ಮಳೆಗಾಲದಲ್ಲಿ ರಾಮದುರ್ಗದ ನಮ್ಮ ಬೀಗರು ಫೋನು ಮಾಡಿದರೆ ಮೊದಲು "ಡ್ಯಾಮ್ ತುಂಬೇತೇನ್ರಿ?" ಎನ್ನುತ್ತಾರೆ, ಆಮೇಲೆ ನನ್ನ ಮಂಡಿನೋವು ವಿಚಾರಿಸುತ್ತಾರೆ. ತುಂಬಿದರೆ ಹೊಸ ಬಟ್ಟೆ ತೊಟ್ಟು, ಬುತ್ತಿ ಕಟ್ಟಿಕೊಂಡು ನೋಡಲು ಹೋಗುವವರು ನಾವು. ಅಂಥವನ ಮನೆಯಲ್ಲಿ ಅರ್ಧ ಖಾಲಿ ಇರುವ ಸಂಪು! ದಿನಾ ಬೆಳಿಗ್ಗೆ ಅದನ್ನು ನೋಡಿ ನೋಡಿ ತಡೆಯಲಾಗಲಿಲ್ಲ. ಒಂದು ತಂಬಿಗೆ ಹಾಕಿದೆ, ಮಾರನೆಯ ದಿನ ಇನ್ನೊಂದು. ನೀರು ಗೆರೆ ದಾಟಿತು. ಗೆರೆ ನೀರಿನೊಳಗಿಂದ ನನ್ನನ್ನೇ ನೋಡತೊಡಗಿತು. ಒಂದು ಮಧ್ಯಾಹ್ನ ಹೆಂಡತಿ ಮಲಗಿದ್ದಾಗ ಅರಳೆಗೆ ಸ್ಪಿರಿಟ್ ಹಚ್ಚಿಕೊಂಡು ಅದನ್ನು ಒರೆಸಿಬಿಟ್ಟೆ. ಆಮೇಲೆ ಸಂಪು ಅಂಚಿನವರೆಗೂ ತುಂಬಿತು, ನನಗೆ ನೆಮ್ಮದಿಯಾಯಿತು.

ಎಂಟು ದಿನ ಕಳೆದಿರಬೇಕು. ಬೆಳಿಗ್ಗೆ ಕರೆಂಟು ಹೋಯಿತು. ಮೇಲಿನ ತೊಟ್ಟಿಯ ನೀರು ಖಾಜಾಸಾಬ್ ಹೇಳಿದಂತೆಯೇ ಕೆಳಗಿಳಿಯಿತು, ಸಂಪು ಉಕ್ಕಿತು, ಚೆಲ್ಲಿದ ನೀರು ನೆಲದ ಬಿರುಕಿನಲ್ಲಿ ಇಂಗಿತು. ಬಿರುಕಿನ ನೇರ ಕೆಳಗೆ ಜೋಶಿ ಮಾಸ್ತರರ ದೇವರ ಕೋಣೆ. ಅವರು ಆಗಷ್ಟೇ ಅಭಿಷೇಕ ಮುಗಿಸಿ ದೇವರಿಗೆ ಗಂಧ ಹಚ್ಚಿದ್ದರಂತೆ. ಒದ್ದೆ ಶಲ್ಯದಲ್ಲಿ ಮೆಟ್ಟಿಲು ಹತ್ತಿ ಬಂದರು.

"ಸಮುದ್ರಸ್ನಾನಕ್ಕ ಭಾಳ ಪುಣ್ಯ ಅದ, ಖರೆ. ಆದ್ರ ಸಮುದ್ರ ಮ್ಯಾಲಿಂದ ಬರಬೇಕಂತ ಯಾವ ಶಾಸ್ತ್ರದಾಗೂ ನಾ ಓದಿಲ್ಲ. ಇದರ ಫಿಟಿಂಗ್ ಯಾರು ಮಾಡಿದ್ರು?"

"ಖಾಜಾಸಾಬ್," ಎಂದೆ.

ಇದೇ ಆ ಸುಳ್ಳು. ಪ್ರತಿಯೊಂದು ಅಕ್ಷರವೂ ನಿಜ.

ಮಾಸ್ತರರ ತಮ್ಮ ಎಲ್ಲಮ್ಮನ ಗುಡ್ಡದ ದಾರಿಯಲ್ಲಿ ಯಾತ್ರಿಕರಿಗೆಂದು ದೊಡ್ಡ ವಸತಿಗೃಹ ಕಟ್ಟಿಸುತ್ತಿದ್ದ. ಇಡೀ ಕಟ್ಟಡದ ಪೈಪಿನ ಕೆಲಸ ಖಾಜಾಸಾಬನಿಗೇ ಎಂದು ಮಾಸ್ತರರು ಮಾತು ಕೊಡಿಸಿದ್ದರು. ನಾಲ್ಕು ದಿನಕ್ಕೆ ನನ್ನ ಹೆಂಡತಿ ಸುದ್ದಿ ತಂದಳು: ಆ ಕೆಲಸಕ್ಕೆ ಬೈಲಹೊಂಗಲದಿಂದ ಬೇರೆ ಯಾರನ್ನೋ ಕರೆಸುತ್ತಾರಂತೆ.

"ನೀವೇನರೆ ಹೇಳಿದ್ರೇನು?" ಎಂದಳು.

"ನಾ ಏನ್ ಹೇಳ್ಲಿ?" ಎಂದು ಪೇಪರು ಮುಖಕ್ಕೆ ಹಿಡಿದೆ. ಅದನ್ನು ತಲೆಕೆಳಗಾಗಿ ಹಿಡಿದಿದ್ದೆನೆಂದು ಆಮೇಲೆ ಗೊತ್ತಾಯಿತು.

ಅದೇ ಸಂಜೆ ಖಾಜಾಸಾಬ್ ಬಂದ. ಜಗಳಕ್ಕೆ ಬಂದಿದ್ದರೆ ಚೆನ್ನಾಗಿತ್ತು. ನನ್ನ ಹತ್ತಿರ ಉತ್ತರಗಳಿದ್ದವು. ಅವನು ಸಂಪಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು ಗಾಜಿನ ಮೇಲೆ ಬೆರಳಾಡಿಸಿದ.

"ನನ್ನ ಗೆರಿ ಎಲ್ಲಿ ಹೋತ್ರಿ?"

"ಒರಸಿದೆ," ಎಂದೆ.

ಅವನು ಬೆರಳು ಒರೆಸಿಕೊಂಡು ಎದ್ದ. "ಹಂಗಾದ್ರ ತಪ್ಪು ನಂದರಿ. ಅಂಚಿನ ಕೆಳಗ ತೂತು ಕೊರದು ಬಚ್ಚಲಕ್ಕ ಪೈಪ್ ಕೊಡಬೇಕಿತ್ತು. ಬ್ಯಾರೆ ಕಡೆ ಹಂಗ ಮಾಡತೇನಿ. ಕಲತವರ ಮನಿ, ಗೆರಿ ಸಾಕು ಅನಕೊಂಡೆ. ನಾಳಿ ಡ್ರಿಲ್ ತರತೇನಿ."

ಕೆಳಗಿಳಿಯುವಾಗ ಮಾಸ್ತರರ ಬಾಗಿಲಲ್ಲಿ ನಿಂತು "ತಪ್ಪು ನಂದರಿ ಮಾಸ್ತರ, ತೂತು ಇಟ್ಟಿದ್ದಿಲ್ಲ" ಎಂದು ಹೇಳಿದ್ದು ಮೆಟ್ಟಿಲ ಮೇಲಿದ್ದ ನನಗೆ ಸ್ಪಷ್ಟವಾಗಿ ಕೇಳಿಸಿತು. ನಾಲ್ಕು ಮೆಟ್ಟಿಲು ಇಳಿದಿದ್ದರೆ ಆಗುತ್ತಿತ್ತು. ಇಳಿಯಲಿಲ್ಲ. ಆ ನಾಲ್ಕು ಮೆಟ್ಟಿಲನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಮರುದಿನ ಬೆಳಿಗ್ಗೆ ಹೋಗಿ ಮಾಸ್ತರರಿಗೆ ಎಲ್ಲ ಹೇಳಿದೆ. ಗೆರೆ, ತಂಬಿಗೆ, ಅರಳೆ, ಸ್ಪಿರಿಟ್, ಯಾವುದನ್ನೂ ಬಿಡಲಿಲ್ಲ. ಅವರು ಕಣ್ಣು ತುಂಬಿಕೊಂಡು ನನ್ನ ಕೈ ಹಿಡಿದರು.

"ಎಂಥಾ ದೊಡ್ಡ ಮನಸ್ಸು ನಿಮ್ಮದು! ಬಡವನ ಕೆಲಸ ಉಳೀಲಿ ಅಂತ ತಪ್ಪು ನಿಮ್ಮ ಮ್ಯಾಲೆ ತಗೋಳ್ಳಿಕ್ಕೆ ಹತ್ತೀರಿ. ಅಂವಾ ನಿನ್ನೆ ತಾನ ಒಪ್ಪಿಕೊಂಡು ಹೋಗ್ಯಾನ."

ಬೈಸಿಕೊಳ್ಳಲು ಹೋದವನಿಗೆ ಹೊಗಳಿಕೆ ಸಿಕ್ಕರೆ ಎಷ್ಟು ಅವಮಾನವಾಗುತ್ತದೆಂದು ನಿಮಗೆ ಗೊತ್ತಿರಲಿಕ್ಕಿಲ್ಲ. ನಾನು ಎಷ್ಟು ಆಣೆ ಮಾಡಿದೆನೋ ಅವರು ಅಷ್ಟು ಕರಗಿದರು. ಕೊನೆಗೆ ಅವರ ರಟ್ಟೆ ಹಿಡಿದು ಮೇಲೆ ಕರೆತಂದೆ. ಖಾಜಾಸಾಬನ ಡ್ರಿಲ್ ಇನ್ನೂ ಬಂದಿರಲಿಲ್ಲ. ನೆಲಕ್ಕೆ ಎರಡು ಟವೆಲು ಹಾಸಿದೆ, ಚೆಲ್ಲುವ ನೀರಿಗೆ ಅಷ್ಟು ಸಾಕೆಂದು ನನ್ನ ಅಂದಾಜು. ಅವರ ಕಣ್ಣೆದುರೇ ಸಂಪನ್ನು ಅಂಚಿನವರೆಗೆ ತುಂಬಿಸಿ, "ನೋಡ್ರಿ, ಹಿಂಗ ಮಾಡಿದ್ದೆ" ಎಂದು ಪಂಪಿನ ಸ್ವಿಚ್ಚು ಆರಿಸಿದೆ.

ನೀರು ಇಳಿಯಿತು. ಸಂಪು ಉಕ್ಕಿತು. ಟವೆಲು ತೇಲಿತು. ಮಾಸ್ತರರು ಧೋತರ ಎತ್ತಿಕೊಂಡು ಮೆಟ್ಟಿಲ ಕಡೆ ಓಡಿದರು. "ಏ, ದೇವರನ್ನ ಸರಿಸು! ಲಗೂನ ದೇವರನ್ನ ಸರಿಸು!" ಎಂದು ಹೆಂಡತಿಗೆ ಕೂಗುವುದು ಓಣಿಗೆಲ್ಲ ಕೇಳಿಸಿತು.

ನಾನು ನೆಲ ಒರೆಸುತ್ತಿದ್ದಾಗ ಕೆಳಗಿನಿಂದ ಅವರು ತಮ್ಮನಿಗೆ ಫೋನು ಮಾಡುವುದು ಕೇಳಿತು. ದನಿಯಲ್ಲಿ ಕರಗುವಿಕೆಯ ಗುರುತೂ ಉಳಿದಿರಲಿಲ್ಲ.

"ಬೈಲಹೊಂಗಲದವನಿಗೆ ಬ್ಯಾಡಂತ ಹೇಳು. ಪೈಪಿನ ಕೆಲಸ ಖಾಜಾಸಾಬಗ ಕೊಡು, ಅಂವಂದೇನೂ ತಪ್ಪಿಲ್ಲ. ಇನ್ನೊಂದು ಕೇಳು. ನೀರು ನೋಡಿಕೋಳ್ಳಿಕ್ಕೆ ಯಾರನ್ನರೆ ಇಡೋದಿದ್ರ, ನಮ್ಮ ಮ್ಯಾಲಿನವರನ್ನ ಮಾತ್ರ ಕೇಳಬ್ಯಾಡ."

ಮೂವತ್ತು ವರ್ಷದ ನೌಕರಿಯಲ್ಲಿ ಮೇಲಧಿಕಾರಿಗಳು ನನ್ನ ಬಗ್ಗೆ ಎಷ್ಟೋ ವರದಿ ಬರೆದಿದ್ದಾರೆ. ಒಂದೂ ಇಷ್ಟು ಸರಿಯಾಗಿರಲಿಲ್ಲ.