ಹೆಜ್ಜೇನಿನ ಮರ ಹತ್ತಿದ ಪಾದ್ರಿ

ಭಾಷೆ ಕಲಿಯುವವನಿಗೆ ಭಗವಂತ ಕೊಟ್ಟ ಮುಖ್ಯ ಸಾಧನ ಕಿವಿ ಎಂದು ತಿಳಿದವರು ಹೇಳುತ್ತಾರೆ. ನನ್ನ ನೆನಪಿನಲ್ಲಿರುವ ಪಾದ್ರಿಯ ಎಡಗಿವಿ ಹೆಜ್ಜೇನು ಕಚ್ಚಿ ಹಲಸಿನ ತೊಳೆಯಂತೆ ಬಾತು ಜೋತುಬಿದ್ದಿದೆ. ಬಲಗಿವಿಯಂತೂ ಹುಟ್ಟಿನಿಂದಲೇ ಮಂದ. ಕೊಡಗಿನ ಕಾಡಿಗೆ ಹೋಗಿ ಲಿಪಿಯಿಲ್ಲದ ಭಾಷೆಯೊಂದನ್ನು ಕಲಿತು ಅದರಲ್ಲಿ ಬೈಬಲಿನ ಸುವಾರ್ತೆ ಬರೆಯಲು ಮಿಷನ್ನು ಆರಿಸಿದ್ದು ಈ ಮಹನೀಯರನ್ನು.

ಅದಕ್ಕೂ ಮೊದಲು ಎರಡು ವರ್ಷ ಮಡಿಕೇರಿಯಲ್ಲಿ ಅವರಿಗೆ ಕನ್ನಡ ಕಲಿಸಿದ ಮುನ್ಷಿ ನಾನು. ಅವರ ಕನ್ನಡದ ದೋಷಗಳೆಲ್ಲ ನನ್ನವೇ. ಸಂತೆಯಲ್ಲಿ ಮೀನು ಮಾರುವವಳಿಗೂ "ತಾವು ದಯಮಾಡಿ ಎರಡು ಮತ್ಸ್ಯಗಳನ್ನು ಅನುಗ್ರಹಿಸಬೇಕು" ಎನ್ನುತ್ತಿದ್ದರು. "ಈ ದೊರೆಗೆ ಜ್ವರ ಉಂಟಾ ಅಯ್ಯ?" ಎಂದು ಆಕೆ ನನ್ನನ್ನು ಕೇಳಿದ್ದಳು. ನಲವತ್ತು ದಾಟಿದ ಬ್ರಹ್ಮಚಾರಿ, ಕೆಂಪು ಗಡ್ಡ, ಕೊರಳಲ್ಲಿ ದಾರ ಕಟ್ಟಿ ಇಳಿಬಿಟ್ಟ ನೋಟುಪುಸ್ತಕ. ಹೊಳೆಗೆ ಇಳಿದರೂ ಅದನ್ನು ದಡದ ಕೊಂಬೆಗೆ ನೇತುಹಾಕಿ, ಅದರ ಕಡೆಗೇ ಮುಖಮಾಡಿ ಮುಳುಗುತ್ತಿದ್ದರು.

ಬಾಳೆಲೆಯಿಂದಾಚೆ ಕಾಡಿನೊಳಗೆ ಜೇನುಕುರುಬರ ಹಾಡಿ. ಅವರ ಗುಡಿಸಲುಗಳ ಪಕ್ಕದಲ್ಲಿ ನಮಗೂ ಒಂದು ಗುಡಿಸಲು. ಪಾದ್ರಿ ಗೆಣಸು, ಹೊಗೆ, ಆನೆಯ ಲದ್ದಿ, ಎಲ್ಲದಕ್ಕೂ ಬೆರಳು ತೋರಿಸಿ ಹೆಸರು ಕೇಳಿ ಬರೆದುಕೊಂಡರು. ನಾಲ್ಕು ತಿಂಗಳಿಗೆ ಪುಸ್ತಕ ತುಂಬಿತು. ಒಂದೇ ಒಂದು ಮಾತು ಸಿಗಲಿಲ್ಲ: ಕ್ಷಮಿಸು ಎನ್ನುವುದು. ಹಾಡಿಯಲ್ಲಿ ತಪ್ಪು ಮಾಡಿದವನು ಬಾಯಿ ಬಿಡುತ್ತಿರಲಿಲ್ಲ. ಸುಟ್ಟ ಗೆಣಸೊಂದನ್ನು ತಂದು ಎದುರಿಗಿಟ್ಟು ಹೋಗುತ್ತಿದ್ದ. ಗೆಣಸಿನಿಂದ ಸುವಾರ್ತೆ ಬರೆಯಲಾಗುವುದಿಲ್ಲ. "ಆ ಮಾತು ದೊರೆಯದೆ ನನ್ನ ಕಾರ್ಯ ಒಂದು ಸಾಲೂ ಮುಂದೆ ಸಾಗದು, ಮುನ್ಷಿಯವರೇ" ಎಂದು ಪಾದ್ರಿ ಊಟ ಬಿಟ್ಟು ಕುಳಿತರು.

ಕೊನೆಗೆ ತಿಳಿಯಿತು. ಮಾತು ಇದೆ, ಆದರೆ ಅದನ್ನು ಆಡುವುದು ಹೆಜ್ಜೇನಿನ ಹತ್ತಿರ ಮಾತ್ರ. ಜೇನು ಕೀಳುವವನು ಮರದ ಮೇಲೆ, ಹುಟ್ಟಿಗೆ ಕೈಹಾಕುವ ಮೊದಲು, ಹುಳುಗಳ ಕ್ಷಮೆ ಬೇಡುತ್ತಾನೆ. ನೆಲದ ಮೇಲೆ ಅದನ್ನು ಹೇಳುವಂತಿಲ್ಲ.

"ಹಾಗಾದರೆ ನಾನೂ ಮೇಲೇರುತ್ತೇನೆ" ಎಂದರು ಪಾದ್ರಿ.

"ಹತ್ತಿ ಬುದ್ಧಿ, ಬ್ಯಾಡ ಅಂದೋರ್ಯಾರು?" ಎಂದ ಹಾಡಿಯ ಯಜಮಾನ. "ಕೆಳಗೆ ಬಳ್ಳಿ ಕಾಯೋರ್ಯಾರು?"

ಬಳ್ಳಿಯ ಏಣಿಯ ಬುಡವನ್ನು ಕಾಯುವ ಹಕ್ಕು ಹತ್ತಿದವನ ಹೆಂಡತಿಯ ಅಣ್ಣತಮ್ಮಂದಿರದು. "ಬ್ಯಾರೆಯೋನು ಕೈ ಬಿಟ್ಟಾನು. ತಂಗಿ ಮುಂಡೆ ಆಗೋದು ಯಾವ ಅಣ್ಣಂಗೆ ಬೇಕು ಬುದ್ಧಿ?"

ನಾನು ಕಾಯುತ್ತೇನೆ ಎಂದು ಬಾಯಿತಪ್ಪಿ ಹೇಳಿದೆ. ಯಜಮಾನ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದ. "ಅಯ್ಯ, ನಿಮ್ಮ ತಂಗಿನ ಬುದ್ಧಿಗೆ ಕೊಟ್ಟಿದ್ದೀರಾ?" ನನ್ನ ತಂಗಿ ಆ ಹೊತ್ತಿನಲ್ಲಿ ಮಡಿಕೇರಿಯಲ್ಲಿ ತುಳಸಿಗೆ ನೀರೆರೆಯುತ್ತಿದ್ದಿರಬೇಕು. ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

ಮೂರು ದಿನ ಪಾದ್ರಿ ನೋಟುಪುಸ್ತಕ ತೆರೆಯಲಿಲ್ಲ. ನಾಲ್ಕನೆಯ ಬೆಳಗ್ಗೆ ಗಡ್ಡ ಬಾಚಿಕೊಂಡು ಬಂದು, "ಮುನ್ಷಿಯವರೇ, ಯಜಮಾನರ ತಂಗಿ ನನ್ನನ್ನು ವರಿಸಲು ಸಮ್ಮತಿಸಿದ್ದಾರೆ" ಎಂದರು. ಆಕೆ ಮೂವತ್ತೈದರ ವಿಧವೆ. ನಾನು ಹಿಡಿದಿದ್ದ ಗಂಜಿಯ ಬಟ್ಟಲು ಕಾಲ ಮೇಲೆ ಬಿತ್ತು. ಸುಟ್ಟದ್ದು ತಿಳಿಯಲಿಲ್ಲ.

"ಸ್ವಾಮೀ, ಒಂದು ಮಾತಿಗೋಸ್ಕರವೇ?"

"ಕೇಳಲು ಹೊರಟಾಗ ಅದಕ್ಕೋಸ್ಕರವೇ. ಆಕೆ ನಕ್ಕರು. ಈಗ ಯಾತಕ್ಕೋಸ್ಕರ ಎಂದು ನಿಶ್ಚಯವಾಗಿ ಹೇಳಲಾರೆ."

ಪಕ್ಕದಲ್ಲಿ ಬುಟ್ಟಿ ಹೆಣೆಯುತ್ತಿದ್ದ ಆಕೆ ತಲೆಯೆತ್ತಲಿಲ್ಲ. "ಹತ್ತಿದ್ರೆ ಆಗ್ಲಿಲ್ಲ ಅಯ್ಯ. ಇಳಿದ ಮೇಲೂ ಇರ್ಬೇಕು ಅಂತ ನಿಮ್ಮ ಬುದ್ಧಿಗೆ ಹೇಳಿ. ಒಬ್ಬನ ಕಳ್ಕೊಂಡದ್ದು ಸಾಕು ನಂಗೆ."

ಕರಿಮಣಿ ಕಟ್ಟಿದ ಮೂರನೆಯ ಸಂಜೆ, ಬೆಳಕಿರುವಾಗಲೇ, ಹಾಡಿಯ ಜೇನುಗಾರನೊಬ್ಬನ ಹಿಂದೆ ಪಾದ್ರಿ ಮರ ಹತ್ತಿದರು. ಯಜಮಾನ ಬಳ್ಳಿಯನ್ನು ಅಪ್ಪಿಕೊಂಡು ಕೂತ. ಆಕೆ ಕೆಳಗೆ ನಿಂತು ಕಣ್ಣು ಮಿಟುಕಿಸದೆ ಮೇಲೆ ನೋಡುತ್ತಿದ್ದಳು. ಮೇಲಿನಿಂದ ಒಂದು ರಾಗ ಕೇಳಿಸಿತು, ಆಮೇಲೆ ಹೊಗೆ, ಆಮೇಲೆ ಪಾದ್ರಿಯ ಮಾತೃಭಾಷೆಯಲ್ಲಿ ಒಂದು ಆರ್ತನಾದ.

ಇಳಿದವರ ಮುಖ ಗುರುತು ಸಿಗದಂತಿತ್ತು. ನಾನು ಪೆನ್ಸಿಲು ಹಿಡಿದು ಓಡಿದೆ.

"ಸಿಕ್ಕಿತೇ ಸ್ವಾಮಿ?"

"ಸಿಕ್ಕಿತು."

"ಹೇಳಿ, ಬರೆಯುತ್ತೇನೆ."

ಪಾದ್ರಿ ನನ್ನ ಕೈಯ ಪೆನ್ಸಿಲನ್ನು ಮೆಲ್ಲಗೆ ಕೆಳಗಿಳಿಸಿದರು. "ಅದು ನೆಲದ ಮೇಲೆ ಆಡುವ ಮಾತಲ್ಲ, ಮುನ್ಷಿಯವರೇ."

ನಾನು ಜೀವಮಾನದಲ್ಲಿ ಕಂಡ ಆಘಾತಗಳಲ್ಲಿ ಇದಕ್ಕೆ ಸಮನಾದದ್ದಿಲ್ಲ. ನಾಲ್ಕು ತಿಂಗಳ ದುಡಿಮೆ, ಒಂದು ಮದುವೆ, ಒಂದು ಕಿವಿ, ಎಲ್ಲವನ್ನೂ ತೆತ್ತು ಪಡೆದ ಮಾತನ್ನು ಆ ಮನುಷ್ಯ ನುಂಗಿಕೊಂಡು ಕೂತರು! ಬೇಡಿದೆ, ಗದರಿದೆ, ಬೈಬಲಿನ ಮೇಲೆ ಆಣೆಯಿಟ್ಟೆ. ಅದು ನನಗೆ ಸಲ್ಲದ ಆಣೆ, ಆದರೂ ಇಟ್ಟೆ. ಅವರು ಮಾತ್ರ ಇಲ್ಲವೆಂದು ತಲೆಯಾಡಿಸಿದರು. ಪಡೆದ ಮಾತನ್ನು ಹೀಗೆ ಕಾಯುವವರನ್ನು ನಾನು ಆಮೇಲೆ ನೋಡಿಲ್ಲ. ಅವರಿಗೆ ಅಕ್ಷರ ಕಲಿಸಿದವನು ನಾನು; ಉಳಿದದ್ದನ್ನು ಅವರಿಂದ ಕಲಿಯಬೇಕಾಯಿತು.

ಮಿಷನ್ನಿನ ಕಾಗದ ಬಂತು: ಹೆಂಗಸನ್ನು ಬಿಡಿ, ಇಲ್ಲವೇ ಮಿಷನ್ನನ್ನು ಬಿಡಿ, ಎರಡರಲ್ಲಿ ಯಾವುದಾದರೂ ಸರಿ, ಪುಸ್ತಕ ಮಾತ್ರ ಕಳಿಸಿ. ಪಾದ್ರಿ ಕೊರಳಿನ ದಾರ ಬಿಚ್ಚಿ ಪುಸ್ತಕವನ್ನು ನನ್ನ ಕೈಗಿತ್ತು, ನಾನು ಕಣ್ಮರೆಯಾಗುವವರೆಗೂ ಹೆಂಡತಿಯ ಪಕ್ಕದಲ್ಲಿ ನಿಂತಿದ್ದರು. ಅಲ್ಲಿಂದ ಮುಂದೆ ಮಿಷನ್ನು ಕಾಡಿಗೆ ಮದುವೆಯಾದವರನ್ನು ಮಾತ್ರ ಕಳಿಸಿತು.

ಪಾದ್ರಿ ಹಾಡಿಯಲ್ಲೇ ಉಳಿದರು. ಒಂಬತ್ತನೆಯ ಮಳೆಗಾಲದಲ್ಲಿ ಚಳಿಜ್ವರ ಬಂದು ತೀರಿಕೊಂಡರು. ಆ ಭಾಷೆಯ ಸುವಾರ್ತೆ ಅಚ್ಚಾಗಲಿಲ್ಲ.